ನಾಲ್ಕು ಕಿವಿಗೆ ಹತ್ತಿ

ಕೊಡೆಯಣ್ಣನ ಆ ದಿನದ ಫಜೀತಿಗೆಲ್ಲ ಮೂಲ ಒಂದು ಹಿಡಿ ಹತ್ತಿ.

ಭಾನುವಾರ ಬೆಳಿಗ್ಗೆ ಓಣಿಯ ಕಿಟಕಿಗಳು ಕಣ್ಣು ಬಿಡುವ ಮೊದಲೇ ಅವನು ಔಷಧಿ ಅಂಗಡಿಯ ಮೆಟ್ಟಿಲೇರಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಸ್ವಲ್ಪ ಹತ್ತಿ ಕೊಡಿ, ಕಿವಿಗೆ ಇಟ್ಕೊಳ್ಳೋಕೆ," ಎಂದ.

"ಕಿವಿ ನೋವಾ?"

"ಇಲ್ಲ, ಇಲ್ಲ. ಗಾಳಿ ಹೋಗದೇ ಇರ್ಲಿ ಅಂತ. ನಾಲ್ಕು ಉಂಡೆ ಸಾಕು."

ಔಷಧಿ ಅಂಗಡಿಯವನ ಕೈ ಹತ್ತಿಯ ಸುರುಳಿಯ ಮೇಲೆ ಹಾಗೇ ನಿಂತಿತು. ಕೊಡೆಯಣ್ಣನ ಎಡಗಿವಿಯನ್ನು ನೋಡಿದ. ಬಲಗಿವಿಯನ್ನೂ ನೋಡಿದ. ಇನ್ನೆಲ್ಲಾದರೂ ಇವೆಯೋ ಎಂದು ಟೋಪಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿದ.

"ನಿಮಗಿರೋದು ಎರಡೇ ಅಲ್ವಾ?"

"ಅದು... ಎರಡು ಬಿದ್ದುಹೋದ್ರೆ ಇನ್ನೆರಡು ಇರ್ಲಿ ಅಂತ."

"ಕಿವೀಲಿಟ್ಟ ಹತ್ತಿ ಹಾರಿಹೋಗೋ ಅಷ್ಟು ಗಾಳಿ ಇರೋ ಜಾಗಕ್ಕೆ ಹೊರಟಿದೀರಾ? ಯಾವುದಪ್ಪಾ ಅದು?"

ಇಂಥ ಕಡೆ ಚೂರು ಬುದ್ಧಿ ಇದ್ದವರು ಬಾಯಿಗೆ ಬಂದ ಒಂದು ಸುಳ್ಳು ಹೇಳಿ ಪಾರಾಗುತ್ತಾರೆ. ಕೊಡೆಯಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಬೋಳುಗುಡ್ಡಕ್ಕೆ," ಎಂದುಬಿಟ್ಟು, ಹತ್ತಿಯನ್ನು ಜೇಬಿಗೆ ತುರುಕಿಕೊಂಡು ಹೊರಗೆ ಓಡಿದ. ಔಷಧಿ ಅಂಗಡಿಯವನು ವಾರದ ಏಳು ದಿನವೂ ಬಾಗಿಲು ತೆರೆದಿಡುವವನು. ಅಂದು ಅವನು ಬಾಗಿಲೆಳೆದು ಬೀಗ ಹಾಕಿ, ಓಣಿಯ ಕಿಟಕಿಗಳನ್ನು ತಟ್ಟುತ್ತ ಹೊರಟ.

ಆ ಓಣಿ ಎಂಥ ಇಕ್ಕಟ್ಟಿನದೆಂದರೆ ಈಚೆ ಮನೆಯವರು ಸೀನಿದರೆ ಆಚೆ ಮನೆಯವರು ಮೂಗು ಒರೆಸಿಕೊಳ್ಳುತ್ತಿದ್ದರು. ಅದರ ನಡುಮಧ್ಯದಲ್ಲಿ ಕೊಡೆಯಣ್ಣನ ಕೊಡೆ ರಿಪೇರಿ ಅಂಗಡಿ. ಒಂದು ಸ್ಟೂಲು, ಒಂದು ಮೇಜು, ಡಬ್ಬಿ ತುಂಬ ಕಡ್ಡಿ, ಸ್ಪ್ರಿಂಗು, ಹಿಡಿಗಳು, ಸೂರಿನಿಂದ ನೇತಾಡುವ ಹತ್ತಾರು ಕೊಡೆಗಳು. ಅಲ್ಲಿ ತಲೆ ತಗ್ಗಿಸದೆ ಓಡಾಡುವಂತಿರಲಿಲ್ಲ. ಇಷ್ಟು ವರ್ಷ ಒಳಗೆ ತಗ್ಗಿಸಿ ತಗ್ಗಿಸಿ ಆ ತಲೆ ಹೊರಗೂ ತಗ್ಗಿಕೊಂಡೇ ಉಳಿದುಬಿಟ್ಟಿತ್ತು. ಅವನಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ಅಕ್ಕನ ಜೊತೆ ಇದ್ದ. ಅಕ್ಕನಿಗೆ ತಮ್ಮನ ಮೇಲೆ ಪ್ರಾಣ. ಆ ಪ್ರಾಣ ದಿನವಿಡೀ ಕಿಟಕಿಯಲ್ಲಿ ಕೂತು ಅವನನ್ನು ಕಾಯುತ್ತಿತ್ತು.

ಅಂಗಡಿಯ ಎದುರಿಗೆ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡಿಂಗ್ ಅಂಗಡಿ. ತಂದೆ ತೀರಿಕೊಂಡ ಮೇಲೆ ಮಗಳೇ ಅದನ್ನು ನಡೆಸುತ್ತಿದ್ದಳು. ಮದುವೆ ಗಿದುವೆ ಎಂದು ಯೋಚಿಸಲು ಆಕೆಗೂ ಪುರಸೊತ್ತು ಸಿಕ್ಕಿರಲಿಲ್ಲ. ಹರಿದ ಪುಸ್ತಕವನ್ನು ಬಿಚ್ಚಿ, ಹಾಳೆ ಜೋಡಿಸಿ, ಹೊಲಿದು, ಗೋಂದು ಬಳಿದು, ಒತ್ತುಯಂತ್ರದ ತಿರುಪು ಬಿಗಿಮಾಡಿ, ಆಮೇಲೆ ಆಕೆ ಮುಂಗೈಯಿಂದ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಳು. ಕೊಡೆಯಣ್ಣ ಆ ಗಳಿಗೆಗಾಗಿ ಕಾಯುತ್ತಿದ್ದ. ಮಳೆ ಬಂದರೆ ಅವನಿಗೆ ವ್ಯಾಪಾರ, ಆಕೆಗೆ ಮಾತ್ರ ಗೋಂದು ಒಣಗದೆ ನಷ್ಟ. ಹೀಗಾಗಿ ಮೋಡ ಕವಿದಾಗಲೆಲ್ಲ ತಾನೇ ಏನೋ ತಪ್ಪು ಮಾಡಿದವನಂತೆ ಅವನು ಎದುರಂಗಡಿಯ ಕಡೆ ನೋಡುತ್ತಿದ್ದ. ಆಕೆ ನಕ್ಕು, "ಬರ್ಲಿ ಬಿಡಿ, ನಿಮಗಾದ್ರೂ ಆಗ್ಲಿ," ಎನ್ನುತ್ತಿದ್ದಳು. ಆ ಒಂದು ಮಾತನ್ನೇ ನೆನೆದು ಅವನು ಇಡೀ ಮಳೆಗಾಲ ಕಳೆಯಬಲ್ಲವನಾಗಿದ್ದ.

ಈಗ ಬೇರೆ ಊರಿನಲ್ಲಿದ್ದ ಆಕೆಯ ತಮ್ಮ, "ಒಬ್ಬಳೇ ಯಾಕೆ ಅಲ್ಲಿ ಒದ್ದಾಡ್ತೀಯ? ಅಂಗಡಿ ಮುಚ್ಚಿ ಇಲ್ಲಿಗೇ ಬಂದುಬಿಡು," ಎಂದು ಹಟ ಹಿಡಿದಿದ್ದ. ಸೋಮವಾರ ಉತ್ತರ ಹೇಳುತ್ತೇನೆಂದು ಆಕೆ ಮಾತು ಕೊಟ್ಟಿದ್ದಳು. ಇದು ಕೊಡೆಯಣ್ಣನಿಗೆ ಗೊತ್ತಿತ್ತು. ಓಣಿಗೆಲ್ಲ ಗೊತ್ತಿತ್ತು.

ಅವನು ಸುಮ್ಮನೆ ಕೂತವನಲ್ಲ. ಎದೆ ಗಟ್ಟಿ ಮಾಡಿಕೊಂಡು ಓಣಿ ದಾಟಿ ಹೋಗಿ, "ನಿಮ್ಮ ಹತ್ರ ಒಂದು ಮಾತು..." ಎಂದು ಶುರುಮಾಡಿದ್ದ. ಕೂಡಲೇ ಮೇಲಿನ ಕಿಟಕಿಯಿಂದ ಅಕ್ಕ, "ಏನು ಮಾತೋ ಅದು?" ಎಂದಳು. ಪಕ್ಕದ ಮನೆಯ ಉಪ್ಪರಿಗೆಯಿಂದ ಭೂಗೋಳದ ಮೇಷ್ಟ್ರು, "ಸ್ವಲ್ಪ ಜೋರಾಗಿ ಹೇಳಪ್ಪಾ, ಇಲ್ಲಿಗೆ ಕೇಳಿಸ್ತಿಲ್ಲ," ಎಂದರು. ಮೇಷ್ಟ್ರು ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಪಾಠ ಹೇಳುವುದರಿಂದಲ್ಲ. ಕೊಡೆಯಣ್ಣನ ನಾಲಿಗೆ ಒಣಗಿ, "ಗೋಂದು ಇದೆಯಾ?" ಎಂಬ ಮಾತು ಹೊರಬಂತು. ಆಕೆ ಒಂದು ಸೀಸೆ ಗೋಂದು ಕೊಟ್ಟಳು. ಕೊಡೆ ರಿಪೇರಿಗೆ ಗೋಂದಿನ ಉಪಯೋಗವೇ ಇಲ್ಲ. ಹೀಗೆ ಹೋಗಿ ಹೋಗಿ ಅವನ ಕಪಾಟಿನಲ್ಲಿ ಅಂಥ ಮೂರು ಸೀಸೆಗಳು ಸೇರಿದ್ದವು.

ಕೊನೆಗೆ ಅವನಿಗೆ ಬೋಳುಗುಡ್ಡ ಹೊಳೆಯಿತು. ಊರಾಚೆ ಬಸ್ಸಿನಲ್ಲಿ ಹೋಗಬೇಕಾದ ಗುಡ್ಡ ಅದು. ಒಂದು ಮರವಿಲ್ಲ, ಒಂದು ಚಹಾದಂಗಡಿಯಿಲ್ಲ, ಕೂರಲು ಒಂದು ಬೆಂಚೂ ಇಲ್ಲ. ಉದ್ದಕ್ಕೂ ಒರಟು ಹುಲ್ಲು, ಕಾಲಿಟ್ಟಲ್ಲಿ ಕಪ್ಪು ಜೌಗು, ತುದಿಯಲ್ಲಿ ಯಾರೋ ಯಾವಾಗಲೋ ಪೇರಿಸಿಟ್ಟ ಒಂದು ಕಲ್ಲುಗುಪ್ಪೆ. ನಡುವೆಲ್ಲ ಗಾಳಿಯೋ ಗಾಳಿ. ಜನ ಅಲ್ಲಿಗೆ ಹೋಗದಿರಲು ಇವೆಲ್ಲ ಕಾರಣ. ಕೊಡೆಯಣ್ಣನಿಗೆ ಇವೇ ಅದರ ಸೊಬಗು.

ಒಂದು ಸಂಜೆ ತಗಡಿನ ಸೂರಿನ ಮೇಲೆ ಮಳೆ ಧೋ ಎಂದು ಸುರಿಯುವಾಗ, ಆ ಸದ್ದಿನ ಮರೆಯಲ್ಲಿ ಅವನು ಓಣಿ ದಾಟಿ, "ಭಾನುವಾರ ಬೋಳುಗುಡ್ಡಕ್ಕೆ ಹೋಗಿ ಬರೋಣ್ವಾ?" ಎಂದು ಕೇಳಿಯೇಬಿಟ್ಟ. ಆಕೆ ಆಶ್ಚರ್ಯದಿಂದ ನೋಡಿ, "ಹೂಂ, ಹೋಗೋಣ," ಎಂದಳು. ಸಿಕ್ಕಿದ್ದೇ ಸಮಯವೆಂದು ಮುಂದಿನ ಮಾತಿಗೂ ಬಾಯಿ ತೆರೆದ. ಅಷ್ಟರಲ್ಲಿ ಮಳೆ ನಿಂತುಹೋಯಿತು.

ಅಂದಿನಿಂದ ಪ್ರತಿ ರಾತ್ರಿ ಬಾಗಿಲು ಹಾಕಿಕೊಂಡು ಅವನು ಒಂದು ಕೊಡೆ ಕಟ್ಟಿದ. ಇಬ್ಬರಿಗೆ ಸಾಲುವಷ್ಟು ಅಗಲದ್ದು. ಹಳೆಯ ಕೊಡೆಗಳ ಗಟ್ಟಿ ಬಟ್ಟೆಯನ್ನೆಲ್ಲ ಆರಿಸಿ, ಕಪ್ಪು, ನೀಲಿ, ಕಂದು ತುಂಡುಗಳನ್ನು ಸೇರಿಸಿ ಹೊಲಿದ. ಹಿಡಿಗೆ ಸುತ್ತಲು ಎದುರಂಗಡಿಯಿಂದ ಬೈಂಡಿಂಗ್ ಬಟ್ಟೆಯ ಒಂದು ಪಟ್ಟಿಯನ್ನು ಕೇಳಿ ತಂದ. ಯಾಕೆಂದು ಆಕೆ ಕೇಳಲಿಲ್ಲ. ತನ್ನ ಕೈಯಾರೆ ಕಟ್ಟಿದ ಕೊಡೆ, ಹಿಡಿಗೆ ಆಕೆ ಕೊಟ್ಟ ಬಟ್ಟೆ. ಅದನ್ನು ನೋಡಿದಾಗಲೆಲ್ಲ ಅವನಿಗೆ ಅರ್ಧ ಮದುವೆ ಆಗಿಹೋದಂತೆ ಅನ್ನಿಸುತ್ತಿತ್ತು.

ಬಸ್ಸಿನಲ್ಲಿ ಅವರಿಬ್ಬರೂ ಸಂಕೋಚಕ್ಕೆ ಹಿಂದೆ ಮುಂದೆ ಕೂತರು. ಆಕೆ ತಲೆಗೆ ಹಸಿರು ಸ್ಕಾರ್ಫ್ ಕಟ್ಟಿಕೊಂಡಿದ್ದಳು. ಬಸ್ಸು ಹೊರಡುವ ಹೊತ್ತಿಗೆ ಯಾರೋ ಏದುಸಿರು ಬಿಡುತ್ತ ಹತ್ತಿಕೊಂಡರು. ನೋಡಿದರೆ ಔಷಧಿ ಅಂಗಡಿಯವನು.

"ಅರೆ, ನೀವೂ ಇಲ್ಲೇ! ಏನಿಲ್ಲ, ದಿನವಿಡೀ ಮಾತ್ರೆ ವಾಸನೆ ಕುಡಿದು ಕುಡಿದು ಸಾಕಾಯ್ತು. ಒಂಚೂರು ಶುದ್ಧ ಗಾಳಿ ತಗೊಳ್ಳೋಣ ಅಂತ," ಎಂದು ಅವನು ಕೊಡೆಯಣ್ಣನ ಪಕ್ಕದಲ್ಲೇ ಆರಾಮಾಗಿ ಕೂತ. ಕೂತವನು ಮುಂದಿನ ಸೀಟಿನಾಕೆಯ ಸ್ಕಾರ್ಫಿನಡಿಯ ಎರಡು ಕಿವಿಗಳನ್ನು ನೋಡಿದ, ಕೊಡೆಯಣ್ಣನ ಎರಡು ಕಿವಿಗಳನ್ನು ನೋಡಿದ, ಲೆಕ್ಕ ಸರಿಹೋಗಿ ಅವನ ಮುಖ ಅರಳಿತು.

ಹಿಂದಿನ ಸೀಟಿನಲ್ಲಿ ಬಿಚ್ಚಿ ಹಿಡಿದಿದ್ದ ದಿನಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. ಅದರ ಹಿಂದಿನಿಂದ ಭೂಗೋಳದ ಮೇಷ್ಟ್ರು ಮೂಡಿಬಂದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಮಡಿಸಿದ ನಕ್ಷೆ.

"ಬೋಳುಗುಡ್ಡಕ್ಕೆ ಮಾರ್ಗದರ್ಶಕ ಇಲ್ಲದೆ ಹೋಗಬಾರದಪ್ಪಾ," ಎಂದರು ಮೇಷ್ಟ್ರು. "ನಾನಿದೀನಿ, ಹೆದರ್ಬೇಡಿ."

"ಸದ್ಯ, ಅಕ್ಕನೊಬ್ಬಳು ಬಂದಿಲ್ಲ," ಎಂದು ಕೊಡೆಯಣ್ಣ ಮನಸ್ಸಿನಲ್ಲೇ ಉಸಿರು ಬಿಟ್ಟ. ಬಸ್ಸು ಗುಡ್ಡದ ಬುಡದಲ್ಲಿ ನಿಂತಾಗ ರಸ್ತೆಬದಿಯ ಕಲ್ಲಿನ ಮೇಲೆ ಬಿಸಿನೀರಿನ ಫ್ಲಾಸ್ಕು ಹಿಡಿದು ಅಕ್ಕ ಕೂತಿದ್ದಳು.

"ಹಾಲಿನ ಗಾಡಿಯವನು ಇತ್ತ ಬರ್ತಿದ್ದ, ಹತ್ತಿಕೊಂಡು ಬಂದೆ. ಎದೆಗೆ ಶೀತ ಆದ್ರೆ ಯಾರೋ ನೋಡ್ಕೊಳ್ಳೋರು? ಮಫ್ಲರ್ ಎಲ್ಲಿ?" ಎಂದವಳೇ, ಎಲ್ಲರೆದುರೂ ಅವನ ಕುತ್ತಿಗೆಗೆ ಮಫ್ಲರ್ ಸುತ್ತಿ ಗಂಟು ಹಾಕಿದಳು. ಎದುರಂಗಡಿಯಾಕೆ ನಗು ತಡೆಯಲು ಅತ್ತ ತಿರುಗಿ ಗುಡ್ಡ ನೋಡಿದಳು.

ಬುಡದಲ್ಲೇ ಗಾಳಿ ಜೋರಾಗಿತ್ತು. ಕೊಡೆಯಣ್ಣ ಜೇಬಿನಿಂದ ಎರಡು ಉಂಡೆ ಹತ್ತಿ ತೆಗೆದು, ನೆಲ ನೋಡುತ್ತ ಆಕೆಯ ಮುಂದೆ ಹಿಡಿದ.

"ಕಿವೀಲಿ ಇಟ್ಕೊಳ್ಳಿ. ನಿಮಗೆ ಗಾಳಿ ತಾಗಿದ್ರೆ ಕಿವಿ ನೋವು ಬರುತ್ತಲ್ಲ."

"ಅದು ನಿಮಗೆ ಹೇಗೆ ಗೊತ್ತು?"

"ಹೋದ ಚಳಿಗಾಲದಲ್ಲಿ ನೀವು ಎರಡು ದಿನ ಕಿವಿ ಹಿಡ್ಕೊಂಡೇ ಹೊಲೀತಿದ್ರಿ."

ಆಕೆ ಅವನನ್ನು ಒಂದು ಕ್ಷಣ ಹೆಚ್ಚೇ ನೋಡಿದಳು. ಆಮೇಲೆ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಮೇಲೆ ಸ್ಕಾರ್ಫ್ ಬಿಗಿದುಕೊಂಡಳು. ಅವನು ತನ್ನ ಪಾಲಿನ ಎರಡನ್ನು ಇಟ್ಟುಕೊಳ್ಳುವುದನ್ನೇ ಮರೆತ.

ಮೆರವಣಿಗೆ ಹೊರಟಿತು. ಮುಂದೆ ಮೇಷ್ಟ್ರು, ಹಿಂದೆ ಮಿಕ್ಕವರು. ಮೇಷ್ಟ್ರ ನಕ್ಷೆ ಅವರು ಪಾಠ ಹೇಳಲು ಶುರುಮಾಡಿದ ಕಾಲದ್ದು. ಅದರಲ್ಲಿ ಕೆಂಪು ಗೆರೆಯಾಗಿ ಇದ್ದ ದಾರಿ ಜೌಗಿನೊಳಗೆ ಮುಳುಗಿ ಎಷ್ಟೋ ವರ್ಷಗಳಾಗಿದ್ದವು. ಮೇಷ್ಟ್ರಿಗೆ ನೆಲಕ್ಕಿಂತ ನಕ್ಷೆಯ ಮೇಲೆ ನಂಬಿಕೆ ಹೆಚ್ಚು. "ಇಲ್ಲಿ ಗಟ್ಟಿ ದಾರಿ ಇದೆ. ಇಡಪ್ಪಾ ಕಾಲು," ಎಂದರು. ಕೊಡೆಯಣ್ಣ ಇಟ್ಟ. ಕಾಲು ಮೊಣಕಾಲಿನವರೆಗೂ ಒಳಗೆ ಹೋಯಿತು.

ಎಳೆದರೆ ಕಾಲು ಬಂತು, ಬೂಟು ಬರಲಿಲ್ಲ. ಅಕ್ಕ ಬೊಬ್ಬೆ ಹೊಡೆದಳು. ಔಷಧಿ ಅಂಗಡಿಯವನು ಯಾವ ಮುಲಾಮು ಹಚ್ಚಬೇಕೆಂದು ಯೋಚಿಸತೊಡಗಿದ. ಮೇಷ್ಟ್ರು ನಕ್ಷೆ ತಿರುಗಿಸಿ ನೋಡಿ, "ಇಲ್ಲಿ ಜೌಗು ಇಲ್ಲವಲ್ಲ!" ಎಂದು ಜೌಗನ್ನೇ ಗದರಿದರು. ಎದುರಂಗಡಿಯಾಕೆ ಒಬ್ಬಳು ಮಾತ್ರ ತೋಳು ಮಡಿಚಿ, ಹುಲ್ಲಿನ ಮೇಲೆ ಬೋರಲು ಮಲಗಿ, ಕೆಸರಿನೊಳಗೆ ಕೈ ಹಾಕಿ ಬೂಟು ಎಳೆದಳು. ಸ್ಕಾರ್ಫ್ ಬಿಚ್ಚಿಹೋಗಿ ಕೂದಲು ಕೆದರಿತು. ಜೌಗು ಒಮ್ಮೆ ಗುಳಕ್ ಎಂದು ಬೂಟನ್ನು ಬಿಟ್ಟುಕೊಟ್ಟಿತು. ಆಕೆ ಕೆಸರಿನಲ್ಲಿ ಏನನ್ನೋ ಹುಡುಕಿ ಎತ್ತಿಕೊಂಡು ಜೇಬಿಗೆ ಹಾಕಿ, ಸ್ಕಾರ್ಫ್ ಮತ್ತೆ ಕಟ್ಟಿಕೊಂಡಳು. ಕೊಡೆಯಣ್ಣ ಅದ್ಯಾವುದನ್ನೂ ಗಮನಿಸಲಿಲ್ಲ. ಆಕೆಯ ಕೆನ್ನೆಗೆ ಮೆತ್ತಿದ ಕೆಸರನ್ನೇ ನೋಡುತ್ತ, ಇಂಥವಳು ನಾಳೆ ಊರು ಬಿಟ್ಟು ಹೋದರೆ ನಾನು ಯಾಕಾಗಿ ಅಂಗಡಿ ತೆರೆಯಬೇಕು ಎಂದುಕೊಳ್ಳುತ್ತಿದ್ದ.

ಈ ಜೌಗಿನಿಂದಾಗಿ ಒಂದು ಒಳ್ಳೆಯದಾಯಿತು. ದಾರಿ ಯಾವುದೆಂದು ಮೂವರು ಹಿರಿಯರಿಗೂ ಜಗಳ ಹತ್ತಿತು. ಎಡಕ್ಕೆಂದು ಮೇಷ್ಟ್ರು, ಬಲಕ್ಕೆಂದು ಅಕ್ಕ, ಮನೆಗೆಂದು ಔಷಧಿ ಅಂಗಡಿಯವನು. "ನಕ್ಷೆ ಪ್ರಕಾರ ಗುಡ್ಡದ ತುದಿ ಆ ಕಡೆ ಇರ್ಬೇಕು. ಇಲ್ಲ ಅಂದ್ರೆ ತಪ್ಪು ಗುಡ್ಡದ್ದು," ಎಂದು ಮೇಷ್ಟ್ರು ಹೇಳುತ್ತಿರುವಾಗಲೇ ಕೊಡೆಯಣ್ಣ ಎದುರಂಗಡಿಯಾಕೆಗೆ ಸನ್ನೆ ಮಾಡಿದ. ಇಬ್ಬರೂ ಶಾಲೆ ತಪ್ಪಿಸುವ ಮಕ್ಕಳಂತೆ ಬಗ್ಗಿಕೊಂಡು ಮೇಲಕ್ಕೆ ಓಡಿದರು.

ಅಂತೂ ಇಂತೂ ಇಬ್ಬರೇ ಆದರು. ಸಣ್ಣಗೆ ಹನಿಯಲು ಶುರುವಾಯಿತು. ಕೊಡೆಯಣ್ಣನ ಎದೆ ಹೊಡೆದುಕೊಂಡಿತು. ಇದೇ ಹೊತ್ತಿಗಾಗಿ ಅಲ್ಲವೇ ಅವನು ಅಷ್ಟು ರಾತ್ರಿ ನಿದ್ದೆಗೆಟ್ಟಿದ್ದು! ಹೆಮ್ಮೆಯಿಂದ ಕೊಡೆ ಬಿಚ್ಚಿದ. ಕಪ್ಪು, ನೀಲಿ, ಕಂದು ಬಟ್ಟೆ ಅವರಿಬ್ಬರ ಮೇಲೆ ಚಪ್ಪರದಂತೆ ಅರಳಿತು. ಆಕೆ ತಲೆಯೆತ್ತಿ ನೋಡಿ, "ಎಷ್ಟು ಚೆನ್ನಾಗಿದೆ!" ಎಂದಳು.

ಅಷ್ಟರಲ್ಲಿ ಗಾಳಿ ಬೀಸಿ ಕೊಡೆಯನ್ನು ಮೇಲುಮುಖ ಮಾಡಿಬಿಟ್ಟಿತು. ಬೇರೆಯವರ ಕೊಡೆ ಹೀಗೆ ಮಗುಚಿಕೊಂಡರೆ ಅದು ಅವನಿಗೆ ವ್ಯಾಪಾರ. ತಾನೇ ಕಟ್ಟಿದ ಕೊಡೆ, ಅದೂ ಆಕೆಯ ಮುಂದೆ! ಅವನು ಹಿಡಿಯನ್ನು ಬಿಗಿಹಿಡಿದು ತುದಿಗಾಲಲ್ಲಿ ಕುಣಿಯುತ್ತ ಏರಿನಲ್ಲಿ ಸಾಗಿದ. ಆಕೆ ಅವನ ಕೋಟಿನ ಹಿಂಭಾಗ ಹಿಡಿದುಕೊಂಡು ಎಳೆದಳು. ಹೀಗೆ ಗಾಳಿ ಒಂದು ಕಡೆಗೆ, ಆಕೆ ಇನ್ನೊಂದು ಕಡೆಗೆ ಎಳೆಯುತ್ತ, ಗಾಳಿಯೂ ಸೇರಿ ಮೂರೂ ಮಂದಿ ತುದಿಯ ಕಲ್ಲುಗುಪ್ಪೆಗೆ ಬಂದು ಮುಟ್ಟಿದರು. ಅಲ್ಲಿಗೆ ಮಂಜೂ ಇಳಿಯಿತು. ಕೈ ಚಾಚಿದರೆ ಬೆರಳು ಕಾಣದಂಥ ಮಂಜು.

ಕಲ್ಲುಗಳ ಮರೆಯಲ್ಲಿ ಗಾಳಿ ಅಷ್ಟಾಗಿ ಇರಲಿಲ್ಲ. ಆಕೆ ಒಂದು ಕಲ್ಲಿನ ಮೇಲೆ ಕೂತಳು. ಕೊಡೆಯಣ್ಣ ಆಕೆಗೆ ಬೆನ್ನು ಮಾಡಿ ಕೂತು, ಕೊಡೆಯನ್ನು ತೊಡೆಯ ಮೇಲೆ ಹಾಕಿಕೊಂಡ. ಎರಡು ಕಡ್ಡಿ ಬಾಗಿದ್ದವು, ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಟೋಪಿಯಲ್ಲಿ ಚುಚ್ಚಿಟ್ಟಿದ್ದ ಸೂಜಿ ದಾರ ತೆಗೆದು ಕೆಲಸಕ್ಕೆ ತೊಡಗಿದ. ಕೈಗೆ ಕೆಲಸ ಸಿಕ್ಕ ಕೂಡಲೇ ಅವನ ಎದೆಬಡಿತ ತಗ್ಗಿತು. ನಾಲಿಗೆ ತಾನಾಗಿ ಸಡಿಲವಾಯಿತು.

"ನಮ್ಮ ಕೆಲಸದಲ್ಲಿ ಒಂದು ವಿಷಯ ಇದೆ," ಎಂದು ಅವನು ಕೊಡೆಯನ್ನು ನೋಡುತ್ತ ಹೇಳಿದ. "ಕಡ್ಡಿ ಮುರಿದ್ರೆ ಬೇರೆ ಹಾಕಬಹುದು. ಬಟ್ಟೆ ಹರಿದ್ರೆ ಹೊಲೀಬಹುದು. ಆದ್ರೆ ನೆನೆದೀತು, ಹರಿದೀತು ಅಂತ ಹೆದರಿ ಬಿಚ್ಚದೇನೇ ಇಟ್ಟಿರ್ತಾರೆ ನೋಡಿ, ಅಂಥ ಕೊಡೆ ಮಡಿಕೆಯಲ್ಲೇ ಜೀರ್ಣ ಆಗಿಹೋಗುತ್ತೆ. ಅದನ್ನ ಯಾರೂ ರಿಪೇರಿ ಮಾಡೋಕಾಗಲ್ಲ. ನಾನೂ ಹಾಗೆ ಆಗಿಬಿಡ್ತೀನಿ ಅಂತ ನಂಗೆ ಭಯ."

ಸೂಜಿ ಬಟ್ಟೆಯೊಳಗೆ ಹೋಗಿ ಬಂತು.

"ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಎದುರುಗಡೆ ನಿಮ್ಮ ಬಾಗಿಲು ತೆಗೆದಿರಬೇಕು. ಇಲ್ಲ ಅಂದ್ರೆ ನಂಗೆ ಬೆಳಗಾಗಿದೆ ಅಂತಾನೇ ಅನ್ನಿಸಲ್ಲ. ನನ್ನ ಕಪಾಟಿನಲ್ಲಿ ಮೂರು ಸೀಸೆ ಗೋಂದಿದೆ. ಒಂದನ್ನೂ ಮುಟ್ಟಿಲ್ಲ. ಪ್ರತಿ ಸಲ ಬೇರೆ ಮಾತು ಹೇಳೋಕೆ ಬಂದು ಗೋಂದು ತಗೊಂಡು ಹೋದೆ. ಆ ಮಾತು ಇದೇ. ನಿಮ್ಮ ತಮ್ಮನ ಊರಿಗೆ ಹೋಗ್ಬೇಡಿ. ನನ್ನನ್ನ ಮದುವೆ ಆಗ್ತೀರಾ? ನಮ್ಮಕ್ಕನ ಬಾಯಿ ಸ್ವಲ್ಪ ಜೋರು. ಆದ್ರೆ ಅಂಥ ಮನಸ್ಸು ಎಲ್ಲೂ ಸಿಗಲ್ಲ."

ಕಲ್ಲುಗುಪ್ಪೆಯ ಆಚೆಯಿಂದ ಯಾರೋ ಗೊಳೋ ಎಂದು ಅತ್ತರು.

ಕೊಡೆಯಣ್ಣ ಬೆಚ್ಚಿಬಿದ್ದು ತಲೆಯೆತ್ತಿದ. ಮಂಜು ಚೂರು ಸರಿಯಿತು. ಗುಪ್ಪೆಯ ಹಿಂದೆ, ಕೈಗೆಟಕುವಷ್ಟು ಹತ್ತಿರದಲ್ಲಿ, ಮೂವರೂ ಸಾಲಾಗಿ ಕೂತಿದ್ದರು. ದಾರಿ ತಪ್ಪಿ ತಪ್ಪಿ ಕೊನೆಗೆ ಆಚೆ ಮಗ್ಗುಲಿನಿಂದ ಅವರೂ ತುದಿ ತಲುಪಿದ್ದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೇಷ್ಟ್ರು ನಕ್ಷೆಯಲ್ಲಿ ಮೂಗು ಸೀಟುತ್ತಿದ್ದರು.

"ಒಪ್ಪಿಗೆ ಕಣೋ! ನಮಗೆಲ್ಲ ಒಪ್ಪಿಗೆ!" ಎಂದು ಅಕ್ಕ ಕಲ್ಲು ಹತ್ತಿ ಇಳಿದು ಬಂದು ತಮ್ಮನನ್ನು ತಬ್ಬಿಕೊಂಡಳು. "ಬಾಯಿ ಜೋರಂತೆ, ಬಾಯಿ! ಇರ್ಲಿ, ಅದನ್ನ ಮನೇಲಿ ಮಾತಾಡೋಣ."

"ನನ್ನದೂ ಪೂರ್ತಿ ಒಪ್ಪಿಗೆ," ಎಂದ ಔಷಧಿ ಅಂಗಡಿಯವನು. ಮೇಷ್ಟ್ರು ಸಂತೋಷಕ್ಕೆ ಸೀಟಿ ಊದಿದರು.

ಆಗ ಎದುರಂಗಡಿಯಾಕೆ ಮೆಲ್ಲಗೆ ಈ ಕಡೆ ತಿರುಗಿದಳು. ಸ್ಕಾರ್ಫ್ ಸಡಿಲಿಸಿ, ಬಲಗಿವಿಯ ಹತ್ತಿ ತೆಗೆದು, ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಏನಾಯ್ತು? ಯಾಕೆ ಎಲ್ಲರೂ ಅಳ್ತಿದೀರಿ? ಯಾವುದಕ್ಕೆ ಒಪ್ಪಿಗೆ?"

ಎಲ್ಲರೂ ಕಲ್ಲುಗುಪ್ಪೆಯ ಕಲ್ಲುಗಳಂತೆ ನಿಂತರು. ಕೊಡೆಯಣ್ಣ ಆ ಹತ್ತಿಯ ಉಂಡೆಯನ್ನೇ ನೋಡಿದ. ತಾನೇ ಕೊಂಡು, ತಾನೇ ಕೊಟ್ಟ ಹತ್ತಿ. ಇಷ್ಟು ವರ್ಷದಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿದ ಮಾತು ಓಣಿಗೆಲ್ಲ ಕೇಳಿಸಿತ್ತು, ಕೇಳಬೇಕಾದವಳೊಬ್ಬಳನ್ನು ಬಿಟ್ಟು.

ಔಷಧಿ ಅಂಗಡಿಯವನು, "ಅದೇ, ಇವರು ನಿಮ್ಮನ್ನ..." ಎಂದು ಶುರುಮಾಡಿದ. ಅಕ್ಕ ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಇನ್ನೊಬ್ಬರ ವಿಷಯದಲ್ಲಿ ಬಾಯಿ ಮುಚ್ಚಿಸಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

"ಏನಿಲ್ಲಮ್ಮ," ಎಂದಳು ಅಕ್ಕ. "ಇಲ್ಲಿ ಚಳಿ ಜಾಸ್ತಿ ಅಂತ ಇವನಂದ. ಅದಕ್ಕೆ ನಮಗೆಲ್ಲ ಒಪ್ಪಿಗೆ."

ಇಳಿಯುವಾಗ ಮಳೆ ಬಲವಾಯಿತು. ಇಬ್ಬರಿಗೆಂದು ಕಟ್ಟಿದ ಕೊಡೆಯ ಕೆಳಗೆ ಐವರೂ ತೂರಿಕೊಂಡು ಒಂದಷ್ಟು ದೂರ ನಡೆದರು. ಆಮೇಲೆ ಅಕ್ಕ ಮಿಕ್ಕಿಬ್ಬರನ್ನೂ ತೋಳು ಹಿಡಿದು ಹೊರಗೆಳೆದು, "ನಾವು ನೆನೀತಾ ಬರ್ತೀವಿ. ಆರೋಗ್ಯಕ್ಕೆ ಒಳ್ಳೇದು," ಎಂದು ಹಿಂದೆ ಉಳಿಸಿಕೊಂಡಳು. ಔಷಧಿ ಅಂಗಡಿಯವನು ಅದಕ್ಕೂ ತಲೆಯಾಡಿಸಿದ. ಅವನ ಹೊಟ್ಟೆಯೊಳಗಿನ ಗುಟ್ಟು ಕುದಿಯುವ ಪಾತ್ರೆಯ ಮುಚ್ಚಳದಂತೆ ಕುಣಿಯುತ್ತಿತ್ತು. ಅವನು ಬಾಯಿ ತೆರೆದಾಗಲೆಲ್ಲ ಮೇಷ್ಟ್ರು ಸೀಟಿ ಊದಿದರು.

ಮುಂದೆ ಕೊಡೆಯ ಕೆಳಗೆ ಇಬ್ಬರೇ. ಕೊಡೆಯಣ್ಣ ಮೂರು ಸಲ ಉಸಿರೆಳೆದುಕೊಂಡ.

"ನಾನು ಆಗ ಮೇಲೆ... ಏನು ಹೇಳ್ತಿದ್ದೆ ಅಂದ್ರೆ..."

"ಹೂಂ?" ಎಂದು ಆಕೆ ಅವನ ಮುಖ ನೋಡಿದಳು. ಅಷ್ಟು ಹತ್ತಿರದಿಂದ ಆಕೆ ಯಾವತ್ತೂ ನೋಡಿರಲಿಲ್ಲ. ರೆಪ್ಪೆಯ ಮೇಲೆ ಮಂಜಿನ ಹನಿಗಳಿದ್ದವು.

"...ಇಲ್ಲಿ ಜಾರುತ್ತೆ, ನೋಡಿ ನಡೀರಿ."

ಹಿಂದಿನಿಂದ ಮೂರು ನಿಟ್ಟುಸಿರು ಒಟ್ಟಿಗೇ ಕೇಳಿಸಿತು. ಬಸ್ಸಿನಲ್ಲೂ ಅವರು ಇಬ್ಬರಿಗೆ ಮುಂದಿನ ಸೀಟು ಬಿಟ್ಟುಕೊಟ್ಟು ತಾವು ಎಲ್ಲಕ್ಕಿಂತ ಹಿಂದೆ ಹೋಗಿ ಕೂತರು. ಬಸ್ಸು ಓಣಿಯ ತಿರುವಿಗೆ ಬರುವವರೆಗೂ ಕೊಡೆಯಣ್ಣ ಆಡಿದ್ದು ಒಂದೇ ಮಾತು, "ಕಿಟಕಿ ಮುಚ್ಚಲಾ?"

ಓಣಿಯಲ್ಲಿ ದೀಪ ಹತ್ತಿತ್ತು. ಮೂವರೂ, "ಸುಸ್ತಾಗಿದೆ, ಮಲಗ್ತೀವಿ," ಎಂದು ಬೇಕೆಂದೇ ಜೋರಾಗಿ ಹೇಳಿ ತಮ್ಮ ತಮ್ಮ ಮನೆ ಸೇರಿಕೊಂಡರು. ಎದುರಂಗಡಿಯಾಕೆ ಬೀಗ ತೆಗೆದಳು. ಒಳಗೆ ಒತ್ತುಯಂತ್ರದಲ್ಲಿ ಅರ್ಧ ಕೆಲಸವಾದ ಪುಸ್ತಕವೊಂದು ಬಿಗಿದು ಕೂತಿತ್ತು. ಬೆಳಿಗ್ಗೆ ತಮ್ಮನಿಗೆ ಉತ್ತರ ಹೇಳುತ್ತಾಳೆ, ಆ ಪುಸ್ತಕ ಮುಗಿಯುವಷ್ಟರಲ್ಲಿ ಈ ಬಾಗಿಲು ಮುಚ್ಚುತ್ತದೆ ಎಂದುಕೊಂಡಾಗ ಕೊಡೆಯಣ್ಣನಿಗೆ ಅಳುವೇ ಬಂತು. ಬರುತ್ತೇನೆ ಎಂದು ತಲೆ ತಗ್ಗಿಸಿ ಹೊರಟ.

"ಒಂದ್ನಿಮಿಷ. ನಿಮ್ಮ ಸಾಮಾನು ವಾಪಸ್ ಕೊಡ್ಬೇಕಲ್ಲ," ಎಂದು ಆಕೆ ಜೇಬಿಗೆ ಕೈ ಹಾಕಿದಳು.

ಅವನ ಅಂಗೈಯಲ್ಲಿ ಎರಡು ಹತ್ತಿಯ ಉಂಡೆಗಳನ್ನಿಟ್ಟಳು. ಒಂದು ಬೆಳ್ಳಗಿತ್ತು. ಇನ್ನೊಂದು ಜೌಗಿನ ಕೆಸರು ಮೆತ್ತಿ ಕರಿ ಮುದ್ದೆಯಾಗಿತ್ತು.

"ಇದೇನು ಹೀಗಾಗಿದೆ?"

"ನಿಮ್ಮ ಬೂಟು ಎಳೆಯೋವಾಗ ಎಡಗಿವಿಯಿಂದ ಬಿದ್ದುಹೋಯ್ತು. ಎತ್ತಿಟ್ಕೊಂಡೆ."

ಕೊಡೆಯಣ್ಣ ಕರಿ ಉಂಡೆಯನ್ನು ನೋಡಿದ. ಬೂಟು ಎಳೆದದ್ದು ಕೆಳಗೆ, ಜೌಗಿನಲ್ಲಿ. ತುದಿ ತಲುಪಿದ್ದು ಆಮೇಲೆ. ಮಾತಾಡಿದ್ದು ಅದಕ್ಕೂ ಆಮೇಲೆ. ನಿಧಾನವಾಗಿ ಅವನ ಮುಖ, ಕಿವಿ, ಕುತ್ತಿಗೆ ಎಲ್ಲ ಕೆಂಪಾದವು.

"ಹಾಗಾದ್ರೆ ಮೇಲೆ... ಎಡಗಿವಿಗೆ ಹತ್ತಿ..."

"ಇರ್ಲಿಲ್ಲ."

"ಕೇಳಿಸ್ತಾ?"

"ಒಂದೊಂದು ಮಾತೂ ಕೇಳಿಸ್ತು," ಎಂದಳು ಆಕೆ. ಮುಂಗೈಯಿಂದ ಹಣೆಯ ಕೂದಲು ಸರಿಸಿಕೊಂಡಳು. "ಆದ್ರೆ ನೀವು ಅದನ್ನೆಲ್ಲ ಕೊಡೆಗೆ ಹೇಳ್ತಿದ್ರಿ. ಉತ್ತರ ಕೊಟ್ಟಿದ್ದು ನಿಮ್ಮಕ್ಕ. ನನ್ನನ್ನ ಇನ್ನೂ ಯಾರೂ ಏನೂ ಕೇಳಿಲ್ಲ."

ಕೊಡೆಯಣ್ಣ ತಲೆಯೆತ್ತಿದ. ಆಕೆಯ ಕಣ್ಣನ್ನೇ ನೋಡಿದ. ಹೇಳಬೇಕಾದ ಮಾತು ಎದೆಯಿಂದ ಹೊರಟು ಗಂಟಲಿಗೆ ಬಂದು, ಹಲ್ಲಿನ ಹಿಂದೆ ಬಂದು ನಿಂತಿತು. ಆಗ ಅವನಿಗೆ ಓಣಿ ಎಂದಿಗಿಂತ ಹೆಚ್ಚು ನಿಶ್ಶಬ್ದವಾಗಿದೆ ಅನ್ನಿಸಿತು. ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ಎಲ್ಲ ಕಿಟಕಿಗಳೂ ತೆರೆದಿದ್ದವು. ದೀಪವಾರಿಸಿದ ಒಂದೊಂದು ಕಿಟಕಿಯಲ್ಲೂ ಒಂದೊಂದು ತಲೆ. ಯಾರೂ ಉಸಿರಾಡುತ್ತಿರಲಿಲ್ಲ.

"ಗೋಂದು," ಎಂದ ಕೊಡೆಯಣ್ಣ. "ಗೋಂದು ಇದೆಯಾ?"

ಆಕೆ ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಳಗೆ ಹೋಗಿ ಒಂದು ಸೀಸೆ ತಂದು ಅವನ ಇನ್ನೊಂದು ಕೈಗೆ ಕೊಟ್ಟಳು. ಕೊಡುವಾಗ ಅವನ ಬೆರಳನ್ನು ಒಂದು ಕ್ಷಣ ಹಿಡಿದುಕೊಂಡಳು.

"ತಮ್ಮನಿಗೆ ಇನ್ನೊಂದು ವಾರ ತಾಳು ಅಂತ ಹೇಳ್ತೀನಿ," ಎಂದಳು ಮೆಲುದನಿಯಲ್ಲಿ. "ಮುಂದಿನ ಭಾನುವಾರ ಮತ್ತೆ ಗುಡ್ಡಕ್ಕೆ ಹೋಗೋಣ. ನಾವಿಬ್ಬರೇ. ಕೊಡೆ ತರಬೇಡಿ."

ಬಾಗಿಲು ಮುಚ್ಚಿಕೊಂಡಿತು. ಕೊಡೆಯಣ್ಣ ಒಂದು ಕೈಯಲ್ಲಿ ಹತ್ತಿ, ಇನ್ನೊಂದು ಕೈಯಲ್ಲಿ ನಾಲ್ಕನೆಯ ಸೀಸೆ ಗೋಂದು ಹಿಡಿದು, ಓಣಿಯ ನಡುವೆ ತಾನಾಗಿಯೇ ನಗುತ್ತ ನಿಂತಿದ್ದ.

ಮೇಲಿನಿಂದ ಅಕ್ಕನ ದನಿ ಬಂತು.

"ಲೇ ತಮ್ಮಾ, ಎಷ್ಟು ಗಂಟೆ ಬಸ್ಸಿಗೆ ಹೊರಡೋಣ?"